ಪ್ಲಾಸ್ಟಿಕ್ ಮಾಲಿನ್ಯದ ವಿರುದ್ಧದ ಕಾನೂನು ಹೋರಾಟವನ್ನು ವೃತ್ತಿಯಾಗಿ ಆರಿಸಿಕೊಳ್ಳಬಹುದೇ?

ಪ್ರಶ್ನೆ (ಕಾನೂನು ವಿದ್ಯಾರ್ಥಿನಿ)

ಎಲ್ಲರಿಗೂ ನಮಸ್ಕಾರ. ನಾನು ಕಾನೂನು ಪದವಿಯ ಅಂತಿಮ ವರ್ಷದಲ್ಲಿ ಓದುತ್ತಿದ್ದೇನೆ. ಪರಿಸರ ಕಾನೂನನ್ನು ವಿಶೇಷ ವಿಷಯವಾಗಿ ತೆಗೆದುಕೊಂಡ ಮೇಲೆ ಪ್ಲಾಸ್ಟಿಕ್ ಮಾಲಿನ್ಯದ ಪ್ರಶ್ನೆ ನನ್ನನ್ನು ಬಿಡದೆ ಹಿಡಿದಿದೆ. ಜಗತ್ತಿನ ಪ್ಲಾಸ್ಟಿಕ್ ಉತ್ಪಾದನೆ 2000ನೇ ಇಸವಿಯಲ್ಲಿ ಸುಮಾರು 23 ಕೋಟಿ ಟನ್ ಇದ್ದದ್ದು 2019ರ ವೇಳೆಗೆ 46 ಕೋಟಿ ಟನ್ನಿಗೆ ಏರಿತೆಂದೂ, ತ್ಯಾಜ್ಯದಲ್ಲಿ ಶೇ. 9ರಷ್ಟು ಮಾತ್ರ ಮರುಬಳಕೆಯಾಗುತ್ತಿದೆಯೆಂದೂ ಆರ್ಥಿಕ ಸಹಕಾರ ಮತ್ತು ಅಭಿವೃದ್ಧಿ ಸಂಘಟನೆಯ 2022ರ ವರದಿಯಲ್ಲಿ ಓದಿದಾಗ, ಇದನ್ನು ಕಸ ವಿಲೇವಾರಿಯ ಸಮಸ್ಯೆಯೆಂದಷ್ಟೇ ನೋಡಿದರೆ ಸಾಲದು, ಕಾನೂನಿನ ಮೂಲಕವೇ ಎದುರಿಸಬೇಕು ಎಂದು ನನಗೆ ಬಲವಾಗಿ ಅನ್ನಿಸಿತು.

ಪ್ಲಾಸ್ಟಿಕ್ ವಿರೋಧಿ ನೀತಿಗಳಿಗಾಗಿ ಕೆಲಸ ಮಾಡುವ ವಕೀಲರು ಹಲವು ದೇಶಗಳಲ್ಲಿ ಇದ್ದಾರೆಂದು ಬಲ್ಲೆ. ಆದರೆ ಅವರು ನಿಜವಾಗಿ ಏನು ಮಾಡುತ್ತಾರೆ? ಹೆಚ್ಚಿನ ಸಮಯ ನ್ಯಾಯಾಲಯದಲ್ಲಿ ಕಳೆಯುತ್ತದೆಯೋ, ಅಥವಾ ಶಾಸನ ರೂಪಿಸುವವರ ನಡುವೆಯೋ? ಇದಕ್ಕೆ ಯಾವ ಸಿದ್ಧತೆ ಬೇಕು? ಈ ದಾರಿಯಲ್ಲಿ ಸಾಗಿದವರು ವಿವರವಾಗಿ ತಿಳಿಸಿದರೆ ಉಪಕಾರವಾಗುತ್ತದೆ. ಉತ್ತೇಜನದ ಮಾತುಗಳಿಗಿಂತ ಕೆಲಸದ ನಿಜಸ್ಥಿತಿಯನ್ನು ತಿಳಿಯುವುದು ನನಗೆ ಹೆಚ್ಚು ಮುಖ್ಯ.

ಉತ್ತರ 1 (ನೀತಿ ಕರಡುಗಳ ಮೇಲೆ ಕೆಲಸ ಮಾಡುವ ವಕೀಲ)

ನಮಸ್ಕಾರ. ನಿಮ್ಮ ಪ್ರಶ್ನೆಯ ಮುಖ್ಯ ಭಾಗಕ್ಕೆ ನೇರವಾಗಿ ಬರುತ್ತೇನೆ. ಈ ಕ್ಷೇತ್ರದ ವಕೀಲರಲ್ಲಿ ಹೆಚ್ಚಿನವರ ಹೆಚ್ಚಿನ ಸಮಯ ಕರಡುಗಳ ಮುಂದೆ ಕಳೆಯುತ್ತದೆ. ಸರ್ಕಾರವೊಂದು ಕರಡು ನಿಯಮ ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ ಮತ್ತು ಸಲಹೆಗಳನ್ನು ಆಹ್ವಾನಿಸಿದಾಗ, ಅದರ ಪ್ರತಿಯೊಂದು ಉಪನಿಯಮವನ್ನು ಓದಿ, ಇದು ಜಾರಿಗೆ ಬಂದರೆ ಕಾರ್ಖಾನೆಯೊಂದು ಮಾರನೆಯ ದಿನ ಏನು ಮಾಡುತ್ತದೆ ಎಂಬುದನ್ನು ಊಹಿಸಿ, ಬದಲಿ ಪಠ್ಯವನ್ನು ಬರೆದು ಕೊಡುವುದೇ ನಮ್ಮ ದಿನನಿತ್ಯದ ಕೆಲಸ. 'ನಿಷೇಧಿಸಿ' ಎಂದು ಒತ್ತಾಯಿಸುವ ಜನ ಬಹಳ ಮಂದಿ ಇದ್ದಾರೆ, ಅವರು ಬೇಕು ಕೂಡ. ಆದರೆ ನಿಷೇಧ ಯಾವುದಕ್ಕೆ, ಎಲ್ಲಿಂದ ಎಲ್ಲಿಯವರೆಗೆ ಎಂದು ಬರೆಯುವವರ ಕೊರತೆ ಎಲ್ಲೆಡೆಯೂ ಇದೆ.

ಒಂದು ಉದಾಹರಣೆಯನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯ 2014ರಲ್ಲಿ ಅಂಗಡಿಗಳಲ್ಲಿ ಕೊಡುವ ಏಕಬಳಕೆಯ ಪ್ಲಾಸ್ಟಿಕ್ ಚೀಲಗಳನ್ನು ನಿಷೇಧಿಸುವ ಶಾಸನ ಮಾಡಿತು. ಉದ್ಯಮದವರು ಅದನ್ನು ಜನಮತಗಣನೆಗೆ ಎಳೆದರು. 2016ರಲ್ಲಿ ಮತದಾರರು ಶಾಸನವನ್ನೇ ಎತ್ತಿಹಿಡಿದರು. ಇಲ್ಲಿಯವರೆಗೆ ಇದು ಗೆಲುವಿನ ಕಥೆ. ಆದರೆ ಅದೇ ಶಾಸನದಲ್ಲಿ ಮತ್ತೆ ಮತ್ತೆ ಬಳಸಬಹುದಾದ ಚೀಲಕ್ಕೆ ವಿನಾಯಿತಿ ಇತ್ತು. 2.25 ಮಿಲ್, ಅಂದರೆ ಸುಮಾರು 57 ಮೈಕ್ರಾನ್ ದಪ್ಪವಿದ್ದು, 22 ಪೌಂಡ್ ಭಾರವನ್ನು 175 ಅಡಿ ದೂರಕ್ಕೆ 125 ಸಲ ಹೊರಬಲ್ಲ ಪ್ಲಾಸ್ಟಿಕ್ ಚೀಲವನ್ನು ಹಣ ಪಡೆದು ಕೊಡಬಹುದೆಂದು ಅದು ಹೇಳಿತ್ತು. ತಯಾರಕರು ಅದೇ ಅಳತೆಗೆ ಚೀಲಗಳನ್ನು ಮಾಡಿದರು. ಗ್ರಾಹಕರು ಹಿಂದಿನಂತೆಯೇ ಒಮ್ಮೆ ಬಳಸಿ ಎಸೆದರು. ಚೀಲಗಳ ಸಂಖ್ಯೆ ಇಳಿದರೂ ಒಂದೊಂದರ ತೂಕ ಹೆಚ್ಚಿದ್ದರಿಂದ, 2021ರ ಹೊತ್ತಿಗೆ ರಾಜ್ಯದಲ್ಲಿ ಎಸೆಯಲಾದ ಪ್ಲಾಸ್ಟಿಕ್ ಚೀಲಗಳ ಒಟ್ಟು ತೂಕ 2014ಕ್ಕಿಂತ ಹೆಚ್ಚಾಗಿತ್ತು. ಆ ಒಂದು ವಿನಾಯಿತಿಯನ್ನು ಮುಚ್ಚಲು 2024ರಲ್ಲಿ ಇನ್ನೊಂದು ಶಾಸನವೇ ಬೇಕಾಯಿತು, ಅದು ಅನ್ವಯವಾದದ್ದು 2026ರ ಜನವರಿ 1ರಿಂದ. ಒಂದು ಉಪವಾಕ್ಯಕ್ಕೆ ಹತ್ತು ವರ್ಷಕ್ಕಿಂತ ಹೆಚ್ಚು ಕಾಲ ಹೋಯಿತು. ಇಂಥ ಉಪವಾಕ್ಯವನ್ನು ಕರಡಿನ ಹಂತದಲ್ಲಿಯೇ ಗುರುತಿಸಿ ತಡೆಯುವುದಕ್ಕಾಗಿಯೇ ನಾವಿದ್ದೇವೆ ಎಂದು ನಾನು ನಂಬಿದ್ದೇನೆ.

ಐರೋಪ್ಯ ಒಕ್ಕೂಟದ 2019ರ ಏಕಬಳಕೆ ಪ್ಲಾಸ್ಟಿಕ್ ನಿರ್ದೇಶನವನ್ನು ಇದರ ಪಕ್ಕದಲ್ಲಿಟ್ಟು ಓದಿ ನೋಡಿ. ಅಲ್ಲಿ ದಪ್ಪದ ಮಾತೇ ಇಲ್ಲ. ಯಾವ ವಸ್ತುಗಳು ಮಾರುಕಟ್ಟೆಗೆ ಬರಕೂಡದು ಎಂದು ಹೆಸರಿಟ್ಟು ಪಟ್ಟಿ ಮಾಡಲಾಗಿದೆ. ಹೀರುಕೊಳವೆ, ಚಮಚ, ತಟ್ಟೆ, ಕಿವಿ ಸ್ವಚ್ಛಗೊಳಿಸುವ ಕಡ್ಡಿ ಮುಂತಾದವು 2021ರ ಜುಲೈ 3ರಿಂದ ನಿಷೇಧಕ್ಕೆ ಒಳಪಟ್ಟವು. ಕಾಗದದ ಲೋಟಕ್ಕೆ ಪ್ಲಾಸ್ಟಿಕ್ ಲೇಪನವಿದ್ದರೆ ಅದೂ ನಿರ್ದೇಶನದ ವ್ಯಾಪ್ತಿಗೆ ಬರುತ್ತದೆ. ಪಾನೀಯದ ಬಾಟಲಿಗಳನ್ನು 2029ರೊಳಗೆ ಶೇ. 90ರಷ್ಟು ಪ್ರತ್ಯೇಕವಾಗಿ ಸಂಗ್ರಹಿಸಬೇಕು, ಮುಚ್ಚಳ ಬಾಟಲಿಗೇ ಅಂಟಿಕೊಂಡಿರಬೇಕು ಎಂಬಂಥ ಅಳೆಯಬಹುದಾದ ಷರತ್ತುಗಳಿವೆ. ಪಾಲನೆಯಾಯಿತೋ ಇಲ್ಲವೋ ಎಂದು ಯಾರಾದರೂ ನೋಡಿ ಹೇಳಬಹುದಾದ ಷರತ್ತು ಒಳ್ಳೆಯ ಷರತ್ತು. 'ಸಾಧ್ಯವಾದಷ್ಟು ಕಡಿಮೆ ಮಾಡತಕ್ಕದ್ದು' ಎಂಬ ಬಗೆಯ ವಾಕ್ಯ ಕಂಡಲ್ಲೆಲ್ಲ ಎಚ್ಚರದಿಂದಿರಿ.

ಇನ್ನೊಂದು ವಿಷಯ. ಉದ್ಯಮದ ಪರ ವಾದಿಸುವ ವಕೀಲರು ಪರಿಸರ ಕಾನೂನನ್ನೇ ನಮ್ಮ ವಿರುದ್ಧ ಬಳಸುತ್ತಾರೆ. ಕ್ಯಾಲಿಫೋರ್ನಿಯಾದ ಮ್ಯಾನ್‌ಹಟನ್ ಬೀಚ್ ಎಂಬ ಸಣ್ಣ ನಗರ ಪ್ಲಾಸ್ಟಿಕ್ ಚೀಲ ನಿಷೇಧಿಸಿದಾಗ, ಜನ ಕಾಗದದ ಚೀಲಕ್ಕೆ ಹೋಗುವುದರಿಂದ ಪರಿಸರಕ್ಕೆ ಹಾನಿಯಾಗುತ್ತದೆ, ಆದ್ದರಿಂದ ಮೊದಲು ಪರಿಸರ ಪರಿಣಾಮದ ಪೂರ್ಣ ವರದಿ ಸಿದ್ಧವಾಗಬೇಕಿತ್ತು ಎಂದು ಚೀಲ ಉದ್ಯಮದವರ ಕೂಟವೊಂದು ದಾವೆ ಹೂಡಿತು. 2011ರಲ್ಲಿ ಆ ರಾಜ್ಯದ ಸುಪ್ರೀಂ ಕೋರ್ಟ್ ನಗರದ ಪರವಾಗಿಯೇ ತೀರ್ಪು ಕೊಟ್ಟಿತು. ಆದರೂ ಆ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಬದಲಿ ವಸ್ತುವಿನ ಪರಿಣಾಮಗಳನ್ನು ಪ್ರಾಮಾಣಿಕವಾಗಿ ಅಧ್ಯಯನ ಮಾಡಿ, ಅದಕ್ಕೂ ನಿಯಮದಲ್ಲಿ ಉತ್ತರ ಇಟ್ಟುಕೊಂಡು ಹೊರಡುವ ನೀತಿ ಮಾತ್ರ ನ್ಯಾಯಾಲಯದಲ್ಲಿ ನಿಲ್ಲುತ್ತದೆ.

ಉತ್ತರ 2 (ಮೊಕದ್ದಮೆಗಳನ್ನು ನಡೆಸುವ ವಕೀಲೆ)

ಮೇಲಿನವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ನ್ಯಾಯಾಲಯದ ಭಾಗವನ್ನು ಅಷ್ಟು ಬೇಗ ದಾಟಿ ಹೋಗಬಾರದು ಎಂಬುದು ನನ್ನ ಅಭಿಪ್ರಾಯ. ಕಾನೂನು ಪುಸ್ತಕದಲ್ಲಿ ಚೆನ್ನಾಗಿಯೇ ಇದ್ದು, ಜಾರಿ ಮಾಡಬೇಕಾದವರು ಸುಮ್ಮನಿರುವ ಸಂದರ್ಭಗಳೇ ಹೆಚ್ಚು. ಅಲ್ಲಿ ದಾವೆಯ ಹೊರತು ಬೇರೆ ದಾರಿ ಇರುವುದಿಲ್ಲ.

ಟೆಕ್ಸಾಸ್ ಕರಾವಳಿಯ ಲವಾಕಾ ಕೊಲ್ಲಿಯ ಪ್ರಕರಣವನ್ನು ಈ ವೃತ್ತಿಗೆ ಬರುವ ಪ್ರತಿಯೊಬ್ಬರೂ ಅಭ್ಯಾಸ ಮಾಡಬೇಕು. ಫಾರ್ಮೋಸಾ ಪ್ಲಾಸ್ಟಿಕ್ಸ್ ಕಂಪನಿಯ ಸ್ಥಾವರದಿಂದ ಪ್ಲಾಸ್ಟಿಕ್ಕಿನ ಸಣ್ಣ ಕಾಳುಗಳು, ಅಂದರೆ ಎಲ್ಲ ಪ್ಲಾಸ್ಟಿಕ್ ವಸ್ತುಗಳಿಗೂ ಕಚ್ಚಾ ಸಾಮಗ್ರಿಯಾದ ಬೇಳೆಯಷ್ಟು ಗಾತ್ರದ ಕಾಳುಗಳು, ನೀರಿಗೆ ಸೇರುತ್ತಿದ್ದವು. ಸೀಗಡಿ ಹಿಡಿಯುವ ಮನೆತನದ ಡಯಾನ್ ವಿಲ್ಸನ್ ಮತ್ತು ಅವರ ಜೊತೆಗಾರರು ವರ್ಷಗಟ್ಟಲೆ ದಂಡೆಯ ಮೇಲೆ ನಡೆದು, ದೋಣಿಯಲ್ಲಿ ಹೋಗಿ, ಕಾಳುಗಳನ್ನು ಕೈಯಾರೆ ಆರಿಸಿ ಚೀಲ ಮತ್ತು ಶೀಸೆಗಳಲ್ಲಿ ತುಂಬಿ, ಪ್ರತಿಯೊಂದರ ಮೇಲೂ ದಿನಾಂಕ ಮತ್ತು ಸ್ಥಳವನ್ನು ಬರೆದಿಟ್ಟರು. ಚಿತ್ರ, ವಿಡಿಯೊಗಳ ಜೊತೆಗೆ 2,400ಕ್ಕೂ ಹೆಚ್ಚು ಮಾದರಿಗಳು ನ್ಯಾಯಾಲಯದ ಮುಂದೆ ಬಂದವು. ಅಮೆರಿಕದ ಶುದ್ಧ ಜಲ ಕಾಯ್ದೆ ಸಾಮಾನ್ಯ ನಾಗರಿಕರಿಗೂ ದಾವೆ ಹೂಡುವ ಅಧಿಕಾರ ಕೊಟ್ಟಿರುವುದರಿಂದ ಇದು ಸಾಧ್ಯವಾಯಿತು. ಅವರ ಪರ ವಾದಿಸಿದ್ದು ಬಡವರಿಗೆ ಕಾನೂನು ನೆರವು ಕೊಡುವ ಸಂಸ್ಥೆಯ ವಕೀಲರು. 2019ರಲ್ಲಿ ಫೆಡರಲ್ ನ್ಯಾಯಾಧೀಶರು ಕಂಪನಿಯನ್ನು ಪದೇ ಪದೇ ನಿಯಮ ಮುರಿಯುವ ಅಪರಾಧಿ ಎಂದು ಕರೆದರು. ಅದೇ ವರ್ಷ 5 ಕೋಟಿ ಡಾಲರ್‌ಗಳ ರಾಜಿ ಒಪ್ಪಂದವಾಯಿತು.

ಹಣದ ಮೊತ್ತ ಎಲ್ಲರ ಗಮನ ಸೆಳೆಯಿತು. ನನ್ನ ದೃಷ್ಟಿಯಲ್ಲಿ ಅದಕ್ಕಿಂತ ದೊಡ್ಡದು ಒಪ್ಪಂದದ ಷರತ್ತುಗಳು: ಸ್ಥಾವರದಿಂದ ಒಂದೂ ಕಾಳು ಹೊರಬರಕೂಡದು, ಬಂದರೆ ಪ್ರತಿ ಉಲ್ಲಂಘನೆಗೂ ದಂಡ, ಆ ದಂಡ ವರ್ಷದಿಂದ ವರ್ಷಕ್ಕೆ ಏರುತ್ತಾ ಹೋಗಬೇಕು, ಮತ್ತು ಇದನ್ನು ಸ್ವತಂತ್ರವಾಗಿ ಪರಿಶೀಲಿಸುವ ವ್ಯವಸ್ಥೆ ಇರಬೇಕು. ಆ ಷರತ್ತುಗಳನ್ನು ಬರೆದ ಕೈ ಬಹಳ ನುರಿತದ್ದು. ತೀರ್ಪು ಬಂದ ದಿನ ಮುಗಿಯದೆ, ನಂತರವೂ ದುಡಿಯುವ ಆದೇಶವನ್ನು ಕೇಳಿ ಪಡೆಯುವುದನ್ನು ನೀವು ಕಲಿಯಬೇಕು.

ಸೋತ ಪ್ರಕರಣಗಳನ್ನೂ ಓದಿ. ನ್ಯೂಯಾರ್ಕ್ ರಾಜ್ಯದ ಅಟಾರ್ನಿ ಜನರಲ್ 2023ರ ನವೆಂಬರ್‌ನಲ್ಲಿ ಪೆಪ್ಸಿಕೋ ವಿರುದ್ಧ ದಾವೆ ಹೂಡಿ, ಬಫಲೋ ನದಿಯಲ್ಲಿ ಸಿಕ್ಕಿದ, ತಯಾರಕರ ಗುರುತಿದ್ದ ಪ್ಲಾಸ್ಟಿಕ್ ಕಸದಲ್ಲಿ ಅತಿ ದೊಡ್ಡ ಪಾಲು ಆ ಕಂಪನಿಯದೆಂದು ವಾದಿಸಿದರು. ಮುಂದಿನ ವರ್ಷ ನ್ಯಾಯಾಲಯ ದಾವೆಯನ್ನು ವಜಾ ಮಾಡಿತು; ಕಸ ಎಸೆದವರು ಬೇರೆ ಜನ, ಕಂಪನಿಯಲ್ಲ ಎಂಬುದು ತೀರ್ಪಿನ ತಿರುಳು. ಕಾಳು ಸ್ಥಾವರದಿಂದ ನೇರವಾಗಿ ನೀರಿಗೆ ಬಂದರೆ ಹೊಣೆ ಸ್ಪಷ್ಟ. ನಡುವೆ ಲಕ್ಷಾಂತರ ಗ್ರಾಹಕರು ನಿಂತರೆ ಹೊಣೆಯ ಸರಪಳಿ ಕಡಿದುಹೋಗುತ್ತದೆ. ಈ ಅಂತರವನ್ನು ದಾಟಲು ವಕೀಲರು ಈಗ ಬೇರೆ ಬೇರೆ ಮಾರ್ಗಗಳನ್ನು ಹುಡುಕುತ್ತಿದ್ದಾರೆ. ಮರುಬಳಕೆಯ ಬಗ್ಗೆ ಜನರನ್ನು ದಶಕಗಳ ಕಾಲ ದಾರಿ ತಪ್ಪಿಸಲಾಯಿತೆಂಬ ನೆಲೆಯ ಮೇಲೆ ಕ್ಯಾಲಿಫೋರ್ನಿಯಾ 2024ರ ಸೆಪ್ಟೆಂಬರ್‌ನಲ್ಲಿ ತೈಲ ಕಂಪನಿ ಎಕ್ಸಾನ್‌ಮೊಬಿಲ್ ವಿರುದ್ಧ ದಾವೆ ಹೂಡಿತು. ಫ್ರಾನ್ಸಿನಲ್ಲಿ ದೊಡ್ಡ ಕಂಪನಿಗಳ ಮೇಲೆ ಜಾಗರೂಕತೆಯ ಕರ್ತವ್ಯ (ತಮ್ಮ ವ್ಯವಹಾರದಿಂದ ಆಗಬಹುದಾದ ಹಾನಿಯನ್ನು ಗುರುತಿಸಿ ತಡೆಯುವ ಹೊಣೆ) ಹೊರಿಸುವ 2017ರ ಕಾನೂನಿನಡಿ ಕ್ಲೈಂಟ್‌ಅರ್ಥ್ ಮತ್ತಿತರ ಸಂಸ್ಥೆಗಳು 2023ರಲ್ಲಿ ಡಾನೋನ್ ಕಂಪನಿಯನ್ನು ನ್ಯಾಯಾಲಯಕ್ಕೆ ಕರೆತಂದವು. 2025ರಲ್ಲಿ ಮಧ್ಯಸ್ಥಿಕೆಯ ಮೂಲಕ ಅದು ಇತ್ಯರ್ಥವಾಗಿ, ಕಂಪನಿ ತನ್ನ ಪ್ಲಾಸ್ಟಿಕ್ ಬಳಕೆಯ ಲೆಕ್ಕವನ್ನು ಪ್ರಕಟಿಸಲು ಒಪ್ಪಿತು. ಒಂದೇ ಸಮಸ್ಯೆಗೆ ಜಲ ಕಾನೂನು, ಗ್ರಾಹಕ ಕಾನೂನು, ಕಂಪನಿ ಕಾನೂನು ಮೂರೂ ಬಳಕೆಯಾಗುತ್ತಿವೆ. ಆದ್ದರಿಂದ ಪರಿಸರ ಕಾನೂನನ್ನು ಮಾತ್ರ ಓದಿದರೆ ಸಾಕೆಂದು ತಿಳಿಯಬೇಡಿ. ಸಾಕ್ಷ್ಯ ಕಾನೂನನ್ನಂತೂ ಆಳವಾಗಿ ಓದಿಕೊಳ್ಳಿ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಮನಃಪೂರ್ವಕ ಧನ್ಯವಾದಗಳು. ಶೀಸೆಗಳ ಮೇಲೆ ದಿನಾಂಕ ಬರೆದಿಟ್ಟ ವಿವರ ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿದೆ. ಸಾಕ್ಷ್ಯ ಕಾನೂನಿನ ಪಾಠಗಳನ್ನು ನಾನು ಇಷ್ಟು ದಿನ ಕೇವಲ ಕ್ರಿಮಿನಲ್ ಮೊಕದ್ದಮೆಗಳ ದೃಷ್ಟಿಯಿಂದ ಓದುತ್ತಿದ್ದೆ.

ಇನ್ನೆರಡು ಸಂದೇಹಗಳಿವೆ. ಪ್ಲಾಸ್ಟಿಕ್ ಕುರಿತ ಜಾಗತಿಕ ಒಪ್ಪಂದದ ಮಾತುಕತೆ 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಒಮ್ಮತವಿಲ್ಲದೆ ಮುಗಿದಾಗ, ಆ ಕೆಲಸಕ್ಕೆ ವರ್ಷಗಳನ್ನು ಕೊಟ್ಟ ವಕೀಲರು ಮುಂದೆ ಏನು ಮಾಡುತ್ತಾರೆ? ಹಾಗೆಯೇ, ಕಟ್ಟುನಿಟ್ಟಾದ ನಿಯಮಗಳು ಬಂದರೆ ಕಸ ಆಯ್ದು ಬದುಕುವವರ ಜೀವನೋಪಾಯಕ್ಕೆ ಧಕ್ಕೆಯಾಗುವುದಿಲ್ಲವೇ?

ಉತ್ತರ 3 (ಒಪ್ಪಂದದ ಮಾತುಕತೆಗಳಲ್ಲಿ ವೀಕ್ಷಕನಾಗಿ ಭಾಗವಹಿಸಿದವನು)

ಮೊದಲ ಸಂದೇಹಕ್ಕೆ ನಾನು ಉತ್ತರಿಸುತ್ತೇನೆ. 2022ರ ಮಾರ್ಚ್ 2ರಂದು ನೈರೋಬಿಯಲ್ಲಿ ವಿಶ್ವಸಂಸ್ಥೆಯ ಪರಿಸರ ಸಭೆ ಅಂಗೀಕರಿಸಿದ ನಿರ್ಣಯದಲ್ಲಿ, ಪ್ಲಾಸ್ಟಿಕ್ಕಿನ ಪೂರ್ಣ ಜೀವನಚಕ್ರವನ್ನು ಒಳಗೊಳ್ಳುವ, ಕಾನೂನುಬದ್ಧವಾಗಿ ಪಾಲಿಸಲೇಬೇಕಾದ ಒಪ್ಪಂದವೊಂದು 2024ರ ಅಂತ್ಯದೊಳಗೆ ರೂಪುಗೊಳ್ಳಬೇಕೆಂಬ ಗುರಿ ಇತ್ತು. ಪುಂಟಾ ಡೆಲ್ ಎಸ್ತೆ, ಪ್ಯಾರಿಸ್, ನೈರೋಬಿ, ಒಟ್ಟಾವಾ, ಬೂಸಾನ್, ಕೊನೆಗೆ ಜಿನೀವಾ ಎಂದು ಅಧಿವೇಶನಗಳು ನಡೆದವು. ಭಿನ್ನಾಭಿಪ್ರಾಯದ ಕೇಂದ್ರ ಒಂದೇ: ಪ್ಲಾಸ್ಟಿಕ್ಕಿನ ಉತ್ಪಾದನೆಗೆ ಮಿತಿ ಬೇಕು ಎನ್ನುವ ನೂರಕ್ಕೂ ಹೆಚ್ಚು ದೇಶಗಳು ಒಂದು ಕಡೆ, ಒಪ್ಪಂದ ತ್ಯಾಜ್ಯ ನಿರ್ವಹಣೆಗೆ ಮಾತ್ರ ಸೀಮಿತವಾಗಿರಬೇಕು ಎನ್ನುವ ತೈಲ ಮತ್ತು ಪೆಟ್ರೊರಾಸಾಯನಿಕ ಉತ್ಪಾದಕ ದೇಶಗಳು ಇನ್ನೊಂದು ಕಡೆ. ಪ್ಲಾಸ್ಟಿಕ್‌ಗಳಲ್ಲಿ ಶೇ. 90ಕ್ಕೂ ಹೆಚ್ಚು ಪಾಲು ತೈಲ, ಅನಿಲ ಮತ್ತು ಕಲ್ಲಿದ್ದಲಿನಿಂದಲೇ ತಯಾರಾಗುವುದರಿಂದ ಈ ಒಡಕು ಆಕಸ್ಮಿಕವಲ್ಲ. ಜಿನೀವಾದಲ್ಲಿ ಇಂಧನ ಮತ್ತು ರಾಸಾಯನಿಕ ಉದ್ಯಮಗಳ ಪರ 234 ಮಂದಿ ಪ್ರತಿನಿಧಿಗಳು ನೋಂದಾಯಿಸಿಕೊಂಡಿದ್ದರೆಂದು ಅಂತರರಾಷ್ಟ್ರೀಯ ಪರಿಸರ ಕಾನೂನು ಕೇಂದ್ರ ಲೆಕ್ಕ ಹಾಕಿತ್ತು.

ಇಂಥ ಸಭೆಗಳಲ್ಲಿ ನಮ್ಮ ಪಾತ್ರ ಸೀಮಿತ, ಆದರೆ ಮುಖ್ಯ. ಸಣ್ಣ ದ್ವೀಪ ರಾಷ್ಟ್ರವೊಂದರಿಂದ ಇಬ್ಬರೋ ಮೂವರೋ ಬಂದಿರುತ್ತಾರೆ. ಚರ್ಚೆಗಳು ಏಕಕಾಲಕ್ಕೆ ಹಲವು ಕೊಠಡಿಗಳಲ್ಲಿ, ಮಧ್ಯರಾತ್ರಿಯವರೆಗೆ ನಡೆಯುತ್ತವೆ. ಸಂಜೆ ಹಂಚಿದ ಪಠ್ಯದಲ್ಲಿ ಯಾವ ಪದದ ಸುತ್ತ ಹೊಸದಾಗಿ ಚೌಕ ಆವರಣ (ಇನ್ನೂ ಒಪ್ಪಿಗೆಯಾಗದ ಪಠ್ಯದ ಗುರುತು) ಬಂತು, 'ತಕ್ಕದ್ದು' ಎಂದಿದ್ದದ್ದು 'ಪ್ರೋತ್ಸಾಹಿಸಲಾಗುವುದು' ಎಂದು ಎಲ್ಲಿ ಬದಲಾಯಿತು, ರಾಷ್ಟ್ರೀಯ ಪರಿಸ್ಥಿತಿಗೆ ಅನುಗುಣವಾಗಿ ಎಂಬ ಸೇರ್ಪಡೆ ಯಾವ ಬಾಧ್ಯತೆಯನ್ನು ಖಾಲಿ ಮಾಡಿತು ಎಂಬುದನ್ನು ಬೆಳಗಿನೊಳಗೆ ಒಂದು ಪುಟದ ಟಿಪ್ಪಣಿಯಾಗಿ ಬರೆದು ಅವರ ಕೈಗಿಡುವುದು ನಮ್ಮ ಕೆಲಸ. ಪ್ಯಾರಿಸ್ ಅಧಿವೇಶನದ ಮೊದಲ ದಿನಗಳು ಮತದಾನಕ್ಕೆ ಅವಕಾಶವಿರಬೇಕೋ ಬೇಡವೋ ಎಂಬ ಕಾರ್ಯವಿಧಾನದ ವಿವಾದದಲ್ಲಿಯೇ ಕಳೆದುಹೋದವು. ಹೊರಗಿನವರಿಗೆ ಅದು ನೀರಸವಾಗಿ ಕಂಡಿರಬಹುದು. ಆದರೆ ಎಲ್ಲರ ಒಪ್ಪಿಗೆ ಬೇಕೆಂದಾದರೆ ಕೆಲವೇ ದೇಶಗಳು ಇಡೀ ಒಪ್ಪಂದವನ್ನು ತಡೆಹಿಡಿಯಬಹುದು. ಜಿನೀವಾದಲ್ಲಿ ಆದದ್ದು ಬಹುಮಟ್ಟಿಗೆ ಅದೇ.

ಹಾಗಾದರೆ ಮುಂದೇನು? ಬೇಸಲ್ ಒಡಂಬಡಿಕೆಯ ಉದಾಹರಣೆಯನ್ನು ನಾನು ಹೊಸಬರಿಗೆ ಯಾವಾಗಲೂ ಹೇಳುತ್ತೇನೆ. 2018ರಲ್ಲಿ ಚೀನಾ ಪ್ಲಾಸ್ಟಿಕ್ ತ್ಯಾಜ್ಯದ ಆಮದನ್ನು ನಿಲ್ಲಿಸಿದಾಗ, ಶ್ರೀಮಂತ ದೇಶಗಳ ಕಸ ಆಗ್ನೇಯ ಏಷ್ಯಾದತ್ತ ಹರಿಯತೊಡಗಿತು. ಹೊಸ ಒಪ್ಪಂದ ಮಾಡಲು ಹೊರಟಿದ್ದರೆ ವರ್ಷಗಳೇ ಹಿಡಿಯುತ್ತಿದ್ದವು. ಅದರ ಬದಲು, ಅಪಾಯಕಾರಿ ತ್ಯಾಜ್ಯದ ಸಾಗಣೆಯನ್ನು ನಿಯಂತ್ರಿಸಲು 1989ರಲ್ಲೇ ಆಗಿದ್ದ ಬೇಸಲ್ ಒಡಂಬಡಿಕೆಯ ಅನುಬಂಧಗಳನ್ನು ತಿದ್ದುವ ಪ್ರಸ್ತಾವವನ್ನು ನಾರ್ವೆ ಮಂಡಿಸಿತು. ಅನುಬಂಧದ ತಿದ್ದುಪಡಿಯನ್ನು ಪ್ರತಿ ದೇಶದ ಸಂಸತ್ತು ಪ್ರತ್ಯೇಕವಾಗಿ ಅನುಮೋದಿಸಬೇಕಾಗಿಲ್ಲ. ನಿಗದಿತ ಅವಧಿಯಲ್ಲಿ ಆಕ್ಷೇಪಿಸದ ಎಲ್ಲ ದೇಶಗಳಿಗೂ ಅದು ಅನ್ವಯವಾಗುತ್ತದೆ. 2019ರ ಮೇ ತಿಂಗಳಲ್ಲಿ ತಿದ್ದುಪಡಿ ಅಂಗೀಕಾರವಾಗಿ, 2021ರ ಜನವರಿ 1ರಿಂದ ಜಾರಿಗೆ ಬಂತು. ಅಂದಿನಿಂದ ಬೆರಕೆಯಾದ, ಕೊಳಕಾದ ಪ್ಲಾಸ್ಟಿಕ್ ತ್ಯಾಜ್ಯವನ್ನು ಕಳುಹಿಸುವ ಮೊದಲು ಪಡೆಯುವ ದೇಶದ ಲಿಖಿತ ಒಪ್ಪಿಗೆ ಕಡ್ಡಾಯ. ಅಕ್ರಮ ಸಾಗಣೆ ಇದರಿಂದ ನಿಂತುಹೋಗಿಲ್ಲ, ನಿಜ. ಆದರೆ ಬಂದರಿನಲ್ಲಿ ಕಂಟೇನರ್ ತಡೆದು ಹಿಂದಕ್ಕೆ ಕಳುಹಿಸಲು ಅಧಿಕಾರಿಯ ಕೈಯಲ್ಲಿ ಈಗ ಒಂದು ಕಾನೂನು ಇದೆ. ಒಂದು ಬಾಗಿಲು ಮುಚ್ಚಿದಾಗ, ಈಗಾಗಲೇ ಇರುವ ಯಾವ ಒಡಂಬಡಿಕೆಯ ಯಾವ ಅನುಬಂಧ ತೆರೆದಿದೆ ಎಂದು ತಿಳಿದಿರುವ ವಕೀಲರಿಗೆ ಕೆಲಸ ಎಂದೂ ತೀರುವುದಿಲ್ಲ.

ಉತ್ತರ 4 (ತ್ಯಾಜ್ಯ ಕಾರ್ಮಿಕರ ಸಂಘಟನೆಗೆ ಕಾನೂನು ಸಲಹೆ ಕೊಡುವವರು)

ನಿಮ್ಮ ಎರಡನೆಯ ಸಂದೇಹ ಬಹಳ ನ್ಯಾಯವಾದದ್ದು, ಮತ್ತು ಇದನ್ನು ವಿದ್ಯಾರ್ಥಿ ದೆಸೆಯಲ್ಲಿಯೇ ಕೇಳಿದಿರಿ ಎಂಬುದು ನನಗೆ ಸಂತೋಷ ಕೊಟ್ಟಿದೆ. ಧಕ್ಕೆಯಾಗುವುದೋ ಇಲ್ಲವೋ ಎಂಬುದು ನಿಯಮವನ್ನು ಹೇಗೆ ಬರೆಯಲಾಗಿದೆ ಎಂಬುದರ ಮೇಲೆ ನಿಂತಿದೆ. ಉತ್ಪಾದಕರು ತಮ್ಮ ಪ್ಯಾಕೇಜಿಂಗ್ ತ್ಯಾಜ್ಯಕ್ಕೆ ತಾವೇ ಹೊಣೆ ಹೊರಬೇಕೆಂಬ ನಿಯಮ ಒಳ್ಳೆಯದೇ. ಆದರೆ ಸಂಗ್ರಹದ ಗುತ್ತಿಗೆ ಪೂರ್ತಿಯಾಗಿ ದೊಡ್ಡ ಕಂಪನಿಗಳಿಗೆ ಹೋದರೆ, ಇಷ್ಟು ವರ್ಷ ಯಾರ ನೆರವೂ ಇಲ್ಲದೆ ಆ ಕೆಲಸ ಮಾಡಿದವರು ತಾವು ಬೇರ್ಪಡಿಸುತ್ತಿದ್ದ ಮಾಲನ್ನು ಮುಟ್ಟುವ ಹಕ್ಕನ್ನೇ ಕಳೆದುಕೊಳ್ಳುತ್ತಾರೆ. ಅನೌಪಚಾರಿಕ ಮತ್ತು ಸಹಕಾರಿ ವಲಯದ ಕಾರ್ಮಿಕರು ಪ್ಲಾಸ್ಟಿಕ್ ಸಂಗ್ರಹಿಸಿ ಬೇರ್ಪಡಿಸುವಲ್ಲಿ ಸಲ್ಲಿಸುತ್ತಿರುವ ಗಣನೀಯ ಸೇವೆಯನ್ನು 2022ರ ನೈರೋಬಿ ನಿರ್ಣಯ ಗುರುತಿಸಿದ್ದು ತಾನಾಗಿ ಆದದ್ದಲ್ಲ. ಹಲವು ಖಂಡಗಳ ಕಾರ್ಮಿಕ ಸಂಘಟನೆಗಳು ತಮ್ಮ ಮಾತನ್ನು ಅಲ್ಲಿಯವರೆಗೆ ಕೊಂಡೊಯ್ದಿದ್ದವು.

ಒಂದೇ ಒಂದು ಸಲಹೆ: ಯಾವ ಕರಡನ್ನು ಓದಿದರೂ, ಇದರಡಿ ಹಣ ಯಾರಿಂದ ಯಾರಿಗೆ ಹೋಗುತ್ತದೆ, ನೋಂದಣಿಗೆ ಯಾವ ದಾಖಲೆ ಕೇಳಲಾಗಿದೆ, ಆ ದಾಖಲೆ ಇಲ್ಲದವರ ಗತಿಯೇನು ಎಂದು ನೋಡಿ. ಅನ್ಯಾಯ ಹೆಚ್ಚಾಗಿ ನೋಂದಣಿಯ ಷರತ್ತುಗಳಲ್ಲಿ ಅಡಗಿರುತ್ತದೆ.

ಉತ್ತರ 1 ಬರೆದವರು

ಸಿದ್ಧತೆಯ ಬಗ್ಗೆ ನೀವು ಕೇಳಿದ್ದಕ್ಕೆ ನಾನು ಉತ್ತರಿಸದೆ ಬಿಟ್ಟಿದ್ದೆ, ಈಗ ಬರೆಯುತ್ತೇನೆ. ಪಾಲಿಮರ್‌ಗಳ, ಅಂದರೆ ಪ್ಲಾಸ್ಟಿಕ್ ರೂಪುಗೊಳ್ಳುವ ಉದ್ದ ಸರಪಳಿಯ ಅಣುಗಳ, ಬಗ್ಗೆ ಮೂಲಭೂತ ರಸಾಯನಶಾಸ್ತ್ರ ತಿಳಿದಿರಲೇಬೇಕು. ಪ್ಲಾಸ್ಟಿಕ್‌ಗೆ ಸಂಬಂಧಿಸಿದ ರಾಸಾಯನಿಕಗಳು 13,000ಕ್ಕೂ ಹೆಚ್ಚಿವೆಯೆಂದೂ, ಅವುಗಳಲ್ಲಿ 3,200ಕ್ಕೂ ಹೆಚ್ಚು ಕಳವಳಕಾರಿಯಾಗಿರಬಹುದೆಂದೂ ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮ 2023ರಲ್ಲಿ ಹೇಳಿದೆ. ಮುಂದಿನ ದಿನಗಳ ಕಾನೂನು ಚರ್ಚೆ ಕಸದ ರಾಶಿಗಿಂತ ಹೆಚ್ಚಾಗಿ ಈ ರಾಸಾಯನಿಕಗಳ ಸುತ್ತಲೇ ನಡೆಯಲಿದೆ ಎಂದು ನನಗನ್ನಿಸುತ್ತದೆ. ತಜ್ಞರ ವರದಿಯನ್ನು ಓದಿ ಪ್ರಶ್ನೆ ಕೇಳುವಷ್ಟು ತಿಳಿವಳಿಕೆ ನಿಮಗಿರಬೇಕು, ತಜ್ಞರೇ ಆಗಬೇಕಾಗಿಲ್ಲ.

ಜೀವನೋಪಾಯದ ವಿಷಯವನ್ನೂ ಮುಚ್ಚಿಡುವುದಿಲ್ಲ. ಸಂಸ್ಥೆಗಳು ದೇಣಿಗೆ ಮತ್ತು ಯೋಜನಾ ಅನುದಾನದ ಮೇಲೆ ನಡೆಯುವುದರಿಂದ ಹುದ್ದೆಗಳು ಕೆಲವೇ ವರ್ಷಗಳ ಅವಧಿಯವು. ಆದ್ದರಿಂದ ಹಲವರು ಮೊದಲ ವರ್ಷಗಳಲ್ಲಿ ಸಾಮಾನ್ಯ ವಕಾಲತ್ತನ್ನೂ ಜೊತೆಗೆ ಇಟ್ಟುಕೊಳ್ಳುತ್ತಾರೆ, ಅದರಿಂದ ನಷ್ಟವೇನೂ ಇಲ್ಲ. ದಾವೆಪತ್ರ ಬರೆಯುವ ಅಭ್ಯಾಸ ಬೇರೆಲ್ಲೂ ಅಷ್ಟು ಚೆನ್ನಾಗಿ ಆಗುವುದಿಲ್ಲ. ಪ್ರಚಾರಕರ ಬಾಯಿ ಮುಚ್ಚಿಸಲೆಂದೇ ಹೂಡುವ ಮಾನನಷ್ಟ ದಾವೆಗಳ ಅಪಾಯವೂ ಇದೆ. ಅಂಥ ದಾವೆಗಳನ್ನು ಆರಂಭದಲ್ಲಿಯೇ ವಜಾ ಮಾಡಲು ಅನುವಾಗುವ ನಿರ್ದೇಶನವನ್ನು ಐರೋಪ್ಯ ಒಕ್ಕೂಟ 2024ರಲ್ಲಿ ಹೊರಡಿಸಿತು. ಅಂಥ ರಕ್ಷಣೆ ಇಲ್ಲದ ದೇಶಗಳೇ ಹೆಚ್ಚು. ಹೀಗಾಗಿ ಯಾವುದೇ ಕಂಪನಿಯ ಬಗ್ಗೆ ಬರೆಯುವ ಪ್ರತಿ ವಾಕ್ಯಕ್ಕೂ ಆಧಾರದ ದಾಖಲೆ ನಿಮ್ಮ ಕಡತದಲ್ಲಿರಲಿ.

ಪದವಿ ಮುಗಿಯುವ ಮೊದಲೇ ಒಂದು ಕೆಲಸ ಮಾಡಿ ನೋಡಿ. ಸಾರ್ವಜನಿಕ ಆಕ್ಷೇಪಣೆಗೆ ತೆರೆದಿರುವ ಯಾವುದಾದರೊಂದು ತ್ಯಾಜ್ಯ ನಿಯಮದ ಕರಡನ್ನು ಆರಿಸಿಕೊಂಡು, ಅದರ ವ್ಯಾಖ್ಯೆಗಳ ಅಧ್ಯಾಯಕ್ಕೆ ಮಾತ್ರ ಸೀಮಿತವಾಗಿ, ಎರಡು ಪುಟ ಮೀರದಂತೆ ಆಕ್ಷೇಪಣೆ ಬರೆಯಿರಿ. ಎಡಗಡೆ ಅವರ ಪಠ್ಯ, ಬಲಗಡೆ ನಿಮ್ಮ ಬದಲಿ ಪಠ್ಯ, ಕೆಳಗೆ ಕಾರಣ. ಗಡುವಿನೊಳಗೆ ಕಳುಹಿಸಿ, ಸ್ವೀಕೃತಿ ಪತ್ರ ಕೇಳಿ ಇಟ್ಟುಕೊಳ್ಳಿ, ಅಂತಿಮ ಅಧಿಸೂಚನೆ ಬಂದಾಗ ಎರಡನ್ನೂ ಹೋಲಿಸಿ ನೋಡಿ. ಕರಡನ್ನು ಇಲ್ಲಿ ಹಾಕಿದರೆ ಕಳುಹಿಸುವ ಮೊದಲು ನಾನು ಓದಿ ಅಭಿಪ್ರಾಯ ಹೇಳುತ್ತೇನೆ.